ಕಡಲಿಗೆ ಬೆನ್ನಾದ ಪೇಟೆಗಳು

(ಬಾನುಲಿ ಭಾಷಣ)

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯ ಹತ್ತಿವರ್ತಕರಿಗೆ ಕನ್ನಡನಾಡಿನ ಊರುಗಳಲ್ಲಿ ಒಂದರ ಹೆಸರು ಚೆನ್ನಾಗಿ ಪರಿಚಿತವಾಗಿತ್ತು. ಅದು ಬೆಂಗಳೂರಲ್ಲ, ಮೈಸೂರಲ್ಲ, ಧಾರವಾಡವೂ ಅಲ್ಲ. ಉತ್ತರ ಕನ್ನಡದ ಕುಮಟಾ. ನಮ್ಮ ಜವಾರಿ ಹತ್ತಿಗೆ ಅವರು ಇಟ್ಟ ಹೆಸರು ‘ಕುಂಪ್ಟಾ’. ವಿನೋದವೆಂದರೆ ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯದು ತೆಂಗು, ಭತ್ತ, ಮೀನುಗಳ ನಾಡು. ಹತ್ತಿ ಬೆಳೆದದ್ದು ಘಟ್ಟದ ಮೇಲೆ, ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿ, ಗದಗಗಳ ಸುತ್ತಣ ಹೊಲಗಳಲ್ಲಿ. ಬೆಳೆದ ಮಣ್ಣಿನ ಹೆಸರು ಮರೆಯಾಗಿ, ದೋಣಿ ಹತ್ತಿದ ದಂಡೆಯ ಹೆಸರು ಉಳಿಯಿತು.

ವ್ಯಾಪಾರಲೋಕದಲ್ಲಿ ಇದು ಅಪರೂಪವೇನಲ್ಲ. ಸರಕಿಗೆ ಹೆಸರು ಬರುವುದು ಅದು ಹುಟ್ಟಿದ ಊರಿನಿಂದಲ್ಲ, ಕೈ ಬದಲಾಯಿಸಿದ ಊರಿನಿಂದ. ಅರೇಬಿಯದ ‘ಮೋಖಾ’ ಕಾಫಿ ಮೋಖಾ ಎಂಬ ಬಂದರಿನಲ್ಲಿ ಬೆಳೆದದ್ದಲ್ಲ. ಯೆಮನ್ನಿನ ಬೆಟ್ಟಗಳಿಂದ ಅಲ್ಲಿಗೆ ಇಳಿದು ಬಂದದ್ದು. ಅಷ್ಟು ದೂರವೇಕೆ? ಹಾವೇರಿಗೆ ‘ಏಲಕ್ಕಿ ಕಂಪಿನ ನಾಡು’ ಎಂಬ ಬಿರುದಿದೆ. ಏಲಕ್ಕಿ ಬೆಳೆಯುವುದು ಮಲೆನಾಡಿನ ತೋಟಗಳಲ್ಲಿ. ಹಾವೇರಿಯ ಬಾವಿಯ ನೀರಿನಲ್ಲಿ, ಅಂಟುವಾಳದ ನೊರೆಯಲ್ಲಿ ತೊಳೆದು ಬಿಳುಪೇರಿಸಿದ ಕಾಯಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಬರುತ್ತಿತ್ತಾದ್ದರಿಂದ ಕಂಪು ಹಾವೇರಿಯದಾಯಿತು. ಇಂದು ಬ್ಯಾಡಗಿ ಮೆಣಸಿನಕಾಯಿಯೆಂದು ಹೆಸರಾದ ಸರಕಿನ ಬಹುಭಾಗವೂ ಬ್ಯಾಡಗಿ ತಾಲೂಕಿನ ಹೊಲಗಳಲ್ಲಿ ಬೆಳೆದದ್ದಲ್ಲ.

ಹಾಗಾದರೆ ಸರಕು ಒಂದು ಊರಿನಲ್ಲಿ ಕೈ ಬದಲಾಯಿಸುವಂತೆ ಮಾಡುವ ಶಕ್ತಿ ಯಾವುದು? ಅದು ದಾರಿ. ದಾರಿ ಬದಲಾದರೆ ಪೇಟೆ ಬದಲಾಗುತ್ತದೆ. ಪೇಟೆ ಬದಲಾದರೆ ಬಂದರಿನ ಹಣೆಬರಹವೂ ಬದಲಾಗುತ್ತದೆ. ಉಗಿಬಂಡಿಯ ಹಳಿ ಧಾರವಾಡ ಸೀಮೆಗೆ ಬಂದಾಗ ನಮ್ಮ ಪೇಟೆಗಳಿಗೂ ನಮ್ಮ ಕಡಲಿಗೂ ಇದ್ದ ಹಳೆಯ ನಂಟು ಏನಾಯಿತೆಂಬುದನ್ನು ಇಂದು ನೋಡೋಣ.

ಮೊದಲು ಹಳಿ ಇಲ್ಲದ ಕಾಲದ ಚಿತ್ರ. ಜವಾರಿ ಹತ್ತಿಯನ್ನು ಮುಂಗಾರು ಕಳೆಯುತ್ತ ಬಂದಾಗ ಎರೆಹೊಲದಲ್ಲಿ ಬಿತ್ತುತ್ತಾರೆ. ಅದು ಒಡೆದು ಬಿಡಿಸಲು ಬರುವುದು ಶಿವರಾತ್ರಿಯಿಂದ ಯುಗಾದಿಯ ಆಚೆಯವರೆಗೆ. ಬಿಡಿಸಿ, ಬೀಜ ಬೇರ್ಪಡಿಸಿ, ಅಂಡಗಿ ಕಟ್ಟುವ ಹೊತ್ತಿಗೆ ಚೈತ್ರ ವೈಶಾಖ. ಜೂನ್ ಮೊದಲ ವಾರಕ್ಕೆ ಘಟ್ಟದಲ್ಲಿ ಮಳೆ ಹಿಡಿಯುತ್ತದೆ, ಕಡಲು ಏಳುತ್ತದೆ, ಪತ್ತೆಮಾರಿ ಮಚವೆಗಳನ್ನು ದಂಡೆಗೆ ಎಳೆದು ಹೊದಿಸಿಡುತ್ತಾರೆ. ಅಂದರೆ ವರ್ಷದ ಬೆಳೆಯನ್ನು ಕಡಲಿಗೆ ಮುಟ್ಟಿಸಲು ರೈತನಿಗೂ ವರ್ತಕನಿಗೂ ಸಿಗುತ್ತಿದ್ದುದು ಎಂಟು ಹತ್ತು ವಾರಗಳ ಅವಧಿ ಮಾತ್ರ. ಆ ಅವಧಿ ತಪ್ಪಿತೆಂದರೆ ಹತ್ತಿ ನಾಲ್ಕು ತಿಂಗಳು ಮನೆಯಲ್ಲಿಯೋ, ಘಟ್ಟದ ಬುಡದ ಚಾವಡಿಯಲ್ಲಿಯೋ ಕೊಳೆಯಬೇಕು. ಸಾಲದ ಬಡ್ಡಿ ಮಾತ್ರ ಮಳೆಗೆ ನಿಲ್ಲದು.

ಹಾವೇರಿಯಿಂದ ಶಿರಸಿಯ ಮೂಲಕ ದೇವಿಮನೆ ಘಟ್ಟ ಇಳಿದರೆ ಕುಮಟೆ ಸುಮಾರು 140 ಕಿಲೋಮೀಟರು. ಹುಬ್ಬಳ್ಳಿಯ ಕಡೆಯವರಿಗೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಗಳ ದಾರಿ. ಬಂಡಿರಸ್ತೆಗಳಾಗುವ ಮೊದಲು ಈ ದಾರಿಗಳ ಒಡೆಯರು ಲಂಬಾಣಿಗಳು. ನೂರಾರು ಹೇರೆತ್ತುಗಳ ಸಾಲು ಘಟ್ಟ ಇಳಿಯುವಾಗ ಹತ್ತಿ, ಕಾಳುಕಡಿ. ಏರುವಾಗ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ. ಬಯಲುಸೀಮೆಯ ಒಲೆಯ ಮೇಲಿನ ಸಾರಿನ ಉಪ್ಪು ಕುಮಟೆಯ ಕಡಲಿನದು; ಕುಮಟೆಯ ದೋಣಿಯೊಳಗಿನ ಹತ್ತಿ ಬಯಲುಸೀಮೆಯದು. ಘಟ್ಟ ಅವೆರಡನ್ನೂ ಬೇರ್ಪಡಿಸಿರಲಿಲ್ಲ. ಎತ್ತಿನ ಬೆನ್ನಿನ ಮೇಲೆ ಅವು ಹೊಂದಿಕೊಂಡಿದ್ದವು.

ಕುಮಟೆಯದು ಹೇಳಿಕೊಳ್ಳುವಂಥ ಬಂದರೇನೂ ಆಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೊಡ್ಡ ನಾವೆ ದೂರದ ಆಳನೀರಿನಲ್ಲಿ ನಿಲ್ಲಬೇಕು. ಸರಕು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಹೋಗಬೇಕು. ಉತ್ತರಕ್ಕೆ ಕಾರವಾರದಲ್ಲಿ ಗುಡ್ಡದ ಮರೆಯ ಶಾಂತವಾದ ಕೊಲ್ಲಿ ಇದೆ, ನೀರೂ ಆಳ. ಆದರೂ ಹತ್ತಿ ಕುಮಟೆಗೇ ಹೋಯಿತು, ಏಕೆಂದರೆ ದಾರಿ ಅಲ್ಲಿಗೆ ಇಳಿಯುತ್ತಿತ್ತು. ಬಂದರಿನ ಭಾಗ್ಯ ನೀರಿನಲ್ಲಿ ಇಲ್ಲ, ನೆಲದಲ್ಲಿದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ. ಇನ್ನೊಂದು ಮಾತನ್ನೂ ಮರೆಯಬಾರದು: ಕುಮಟೆಯ ಹತ್ತಿ ನೇರವಾಗಿ ವಿಲಾಯತಿಗೆ ಹೋಗುತ್ತಿದ್ದುದು ಕಡಮೆ. ಅದು ಕರಾವಳಿಯ ದೋಣಿಗಳಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಕುಮಟೆ ಮುಂಬಯಿಯ ಊಳಿಗದ ಬಂದರಾಗಿತ್ತು. ಈ ಸಂಗತಿಯ ಬೆಲೆ ಮುಂದೆ ತಿಳಿಯುತ್ತದೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ದಕ್ಷಿಣ ಸಂಸ್ಥಾನಗಳ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬರುವುದು ನಿಂತಿತು. ಧಾರವಾಡ ಜಿಲ್ಲೆಯ ಮೇಲೆ ಅಲ್ಲಿಯವರ ಕಣ್ಣು ಮೊದಲೇ ಬಿದ್ದಿತ್ತು; 1840ರ ದಶಕದಲ್ಲಿ ಕಲೆಕ್ಟರ್ ಷಾ ಅವರ ಪ್ರಯತ್ನದಿಂದ ಗದಗು ಡಂಬಳಗಳ ಕಡೆ ಅಮೆರಿಕದ ಬೀಜದ ಹತ್ತಿ ನೆಲೆಯೂರಿತ್ತು. ಈಗ ಮ್ಯಾಂಚೆಸ್ಟರಿನ ಹತ್ತಿಯ ಕಂಪನಿಯೊಂದು ತನ್ನ ಯಂತ್ರಗಳನ್ನು ಕಾರವಾರದ ಎದುರಿನ ಸದಾಶಿವಗಡದ ದಂಡೆಯಲ್ಲಿ ಇಳಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಆಧಿಪತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಹತ್ತಿ ಬೆಳೆಯುವ ನಾಡೂ ಹತ್ತಿ ಸಾಗುವ ಬಂದರೂ ಒಂದೇ ಸರಕಾರದ ಕೈಯಲ್ಲಿರಬೇಕೆಂಬ ವರ್ತಕರ ಒತ್ತಾಯ ಅದರ ಮುಖ್ಯ ಕಾರಣಗಳಲ್ಲೊಂದು. ಇಂದು ನಾವು ಸಹಜವೆಂದು ತಿಳಿದಿರುವ ಜಿಲ್ಲೆಯ ಗಡಿಗಳ ಹಿಂದೆಯೂ ಹತ್ತಿಯ ಅಂಡಗಿಯೊಂದು ಕುಳಿತಿದೆ.

ಮೀನುಗಾರರ ಹಳ್ಳಿಯಾಗಿದ್ದ ಕಾರವಾರ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಕಚೇರಿಗಳೆದ್ದವು, 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಬೆಳಗಿತು. ಕಾರವಾರದಿಂದ ಹುಬ್ಬಳ್ಳಿಗೆ, ಅಲ್ಲಿಂದ ಬಳ್ಳಾರಿಯತ್ತ ಹಳಿ ಹಾಕಬೇಕೆಂಬ ಯೋಜನೆಯ ಮಾತು ಮೊಳೆತು, ಎರಡು ದಶಕಗಳ ಕಾಲ ಚಿಗುರುತ್ತಲೇ ಇತ್ತು. ಆದರೆ ಅಮೆರಿಕದ ಯುದ್ಧ 1865ರಲ್ಲಿ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಮ್ಯಾಂಚೆಸ್ಟರಿನ ಕಂಪನಿ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು. ಬಂದರಿಗಾಗಿ ಜಿಲ್ಲೆಯೇ ಸರಿದಿತ್ತು. ಹಳಿ ಮಾತ್ರ ಬರಲಿಲ್ಲ.

1883ರಲ್ಲಿ ಕಾರವಾರಕ್ಕೆ ಯುವಕ ರವೀಂದ್ರನಾಥ ಠಾಕೂರರು ಬಂದಿದ್ದರೆಂಬುದು ಸಾಹಿತ್ಯಾಸಕ್ತರಿಗೆ ತಿಳಿದ ವಿಷಯ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ರೂಪುಗೊಂಡದ್ದು ಆ ದಂಡೆಯಲ್ಲಿ. ಅವರು ಕಂಡದ್ದು ಚೆಲುವಾದ, ಶಾಂತವಾದ, ಜನವಿರಳವಾದ ಕೊಲ್ಲಿ. ಕವಿಗೆ ಆ ಮೌನ ವರವಾಯಿತು. ಬಂದರಿಗೆ ಅದೇ ಮೌನ ರೋಗದ ಲಕ್ಷಣವಾಗಿತ್ತು. ಏಕೆಂದರೆ ಆ ವೇಳೆಗೆ ಕಾರವಾರದ ಹಣೆಬರಹವನ್ನು ಬೇರೆಡೆ ಬರೆದು ಮುಗಿಸಲಾಗಿತ್ತು.

1876ರಿಂದ 78ರವರೆಗಿನ ಬರ ನಮ್ಮ ಸೀಮೆಯನ್ನು ಸುಟ್ಟ ಬಗೆಯನ್ನು ವಿವರಿಸಬೇಕಾಗಿಲ್ಲ. ಆ ಬರ ಒಂದು ಕಹಿಯಾದ ಪಾಠ ಕಲಿಸಿತು. ಮೇವು ನೀರು ಇಲ್ಲದೆ ಎತ್ತುಗಳೇ ಸತ್ತು ಬೀಳುವಾಗ ಎತ್ತಿನ ಮೇಲೆ ಧಾನ್ಯ ತರುವುದು ಹೇಗೆ? ಬೇರೆಡೆ ಅಕ್ಕಿ ಜೋಳಗಳಿದ್ದರೂ ಇಲ್ಲಿ ಜನ ಸತ್ತರು. 1880ರ ಕ್ಷಾಮ ಆಯೋಗ ಬರಪೀಡಿತ ಪ್ರದೇಶಗಳಿಗೆ ರೈಲು ಬೇಕೆಂದು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ನಮ್ಮ ನಾಡಿಗೆ ಹಳಿ ಬಂದದ್ದು ಮೊದಲು ಅನ್ನದ ಹೆಸರಿನಲ್ಲಿ. ಹತ್ತಿ ಅದರ ಬೆನ್ನು ಹತ್ತಿತು.

ಕಡಲಿನ ತುದಿ ಯಾವುದಾಗಬೇಕು ಎಂಬ ಪ್ರಶ್ನೆಗೆ ಉತ್ತರ ಕಾರವಾರದಲ್ಲಿ ಸಿಗಲಿಲ್ಲ. ಲಿಸ್ಬನ್, ಲಂಡನ್ ನಗರಗಳಲ್ಲಿ ಸಿಕ್ಕಿತು. 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಗೋವೆಯ ಮುರ್ಮಗೋವಾದಲ್ಲಿ ಬಂದರನ್ನೂ ಅಲ್ಲಿಂದ ಘಟ್ಟದ ಮೇಲಿನ ಗಡಿಯವರೆಗೆ ಹಳಿಯನ್ನೂ ಕಟ್ಟುವುದು, ಎರಡು ರಾಜ್ಯಗಳ ನಡುವಣ ಸುಂಕದ ಕಟ್ಟೆಗಳನ್ನು ತೆಗೆಯುವುದು ಅದರ ಸಾರ. ಹೊಸ ಕಂಪನಿಯೊಂದು ಇಂಗ್ಲಿಷ್ ಬಂಡವಾಳದಿಂದ ಮುರ್ಮಗೋವಾದಿಂದ ಕ್ಯಾಸಲ್‌ರಾಕಿನವರೆಗೆ ಸುಮಾರು 51 ಮೈಲಿ ಹಳಿ ಹಾಕಿತು. ದೂಧ್‌ಸಾಗರದ ಜಲಪಾತದ ಮುಂದೆ ಹಾದು, ಸುಮಾರು 40 ಅಡಿಗೆ 1 ಅಡಿಯಂತೆ ಏರುವ ಆ ದಾರಿ 1888ರಲ್ಲಿ ಪೂರ್ತಿಯಾಯಿತು. ಕಾರವಾರದಿಂದ ಬಹುದೂರವಿಲ್ಲದ ಇನ್ನೊಂದು ಕೊಲ್ಲಿಗೆ, ಇನ್ನೊಬ್ಬ ದೊರೆಯ ನೆಲಕ್ಕೆ, ಧಾರವಾಡದ ಹಳಿ ಕೂಡಿಕೊಂಡಿತು. ಕಾರವಾರದ ನೀರು ಎಷ್ಟು ಆಳವಾಗಿದ್ದರೂ ಇನ್ನು ಪ್ರಯೋಜನವಿರಲಿಲ್ಲ. ಇದು ಎರಡನೆಯ ಸಾಕ್ಷಿ.

ಅದೇ ಹೊತ್ತಿಗೆ, ಎಂದರೆ 1880ರ ದಶಕದ ಉತ್ತರಾರ್ಧದಲ್ಲಿ, ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. 1889ರಲ್ಲಿ ಬೆಂಗಳೂರು ಹರಿಹರಗಳ ನಡುವಣ ಹಳಿ ಮುಗಿಯಿತು; 1890ರಲ್ಲಿ ಲೋಂಡಾದಿಂದ ಪುಣೆಯವರೆಗಿನದು. ಹತ್ತು ವರ್ಷದೊಳಗೆ ಈ ಸೀಮೆಯ ಭೂಗೋಳವೇ ತಿರುಗಿತು. ಪಡುವಣಕ್ಕೆ ಮೋರೆ ಮಾಡಿದ್ದ ಪೇಟೆಗಳು ಬಡಗ ತೆಂಕಣಕ್ಕೆ ಮೋರೆ ಮಾಡಿದವು. ಹಾವೇರಿಯ ವರ್ತಕನಿಗೆ ಶಿರಸಿಯ ದಾರಿಯಲ್ಲಿ ಮಳೆ ಹಿಡಿಯಿತೇ ಎಂಬ ಚಿಂತೆ ಹೋಗಿ, ಸ್ಟೇಷನ್ನಿನಲ್ಲಿ ವ್ಯಾಗನ್ನು ಸಿಕ್ಕೀತೇ ಎಂಬ ಚಿಂತೆ ಹತ್ತಿತು.

ಈ ಬದಲಾವಣೆಯಲ್ಲಿ ಗೆದ್ದವರು ಯಾರು? ಹಳಿಯ ಪಕ್ಕದ ಊರುಗಳು. ಹಾನಗಲ್ಲು ಕದಂಬರ ಕಾಲದಿಂದ ಹೆಸರಾದ ರಾಜಧಾನಿ. ಬಂಕಾಪುರ ಶಾಸನಗಳಲ್ಲಿ ಮೆರೆದ ಪಟ್ಟಣ. ಅವೆರಡೂ ಹಳಿಯಿಂದ ದೂರ ಉಳಿದು ಹಿಂದೆ ಬಿದ್ದವು. ಆಗ ತಾಲೂಕಿನ ಕೇಂದ್ರವೂ ಆಗಿರದ ಬ್ಯಾಡಗಿ ಮುಂದೆ ಬಂದಿತು. ರಾಣೆಬೆನ್ನೂರು ಹತ್ತಿಯ ದೊಡ್ಡ ಪೇಟೆಯಾಯಿತು. ಚರಿತ್ರೆ ಊರಿನ ವಂಶಾವಳಿಯನ್ನು ಕೇಳದೆ ಅದರ ನಿಲ್ದಾಣವನ್ನು ಕೇಳಿತು.

ಸೋತವರ ಪಟ್ಟಿಯಲ್ಲಿ ಮೊದಲ ಹೆಸರು ಲಂಬಾಣಿಗಳದು. ಉಪ್ಪು ವ್ಯಾಗನ್ನಿನಲ್ಲಿ ಬರತೊಡಗಿದ ಮೇಲೆ ಹೇರೆತ್ತಿನ ಹಿಂಡಿಗೆ ಏನು ಕೆಲಸ? ತಲೆಮಾರುಗಳಿಂದ ನಾಡಿನ ಸರಕನ್ನು ಹೊತ್ತ ಜನ ಕಟ್ಟಿಗೆ ಮಾರುವವರಾಗಿ, ಕೂಲಿಗಳಾಗಿ, ಊರ ಹೊರಗಿನ ತಾಂಡಾಗಳಲ್ಲಿ ನೆಲೆನಿಂತರು. ಅವರ ಚಲನೆ ನಿಂತದ್ದು ಸ್ವಂತ ಇಚ್ಛೆಯಿಂದಲ್ಲ. ಅವರ ದಾರಿಯೇ ಅವರ ಕಾಲಕೆಳಗಿನಿಂದ ಸರಿದುಹೋಯಿತು. ನಮ್ಮ ರೈಲುಗಳ ಚರಿತ್ರೆ ಬರೆಯುವವರು ಸೇತುವೆ ಸುರಂಗಗಳನ್ನು ಎಣಿಸುತ್ತಾರೆ. ಹೇರು ಇಳಿಸಿ ನಿಂತ ಎತ್ತುಗಳನ್ನು ಯಾರೂ ಎಣಿಸಿಲ್ಲ.

ಎರಡನೆಯ ಹೆಸರು ಕುಮಟೆಯದು. ಮುಂಬಯಿಗೆ ನೇರವಾಗಿ ಹಳಿ ಕೂಡಿದ ಮೇಲೆ ಊಳಿಗದ ಬಂದರು ಯಾರಿಗೆ ಬೇಕು? ಹತ್ತಿಯ ವ್ಯಾಪಾರ ಕುಮಟೆಯನ್ನು ಬಿಟ್ಟುಹೋಯಿತು. ಹೆಸರು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿಯೂ ಹತ್ತಿಗೆ ಅಂಟಿಕೊಂಡಿತ್ತು. ಧಾರವಾಡದ ಕೃಷಿವಿಜ್ಞಾನಿಗಳು ಆ ಜವಾರಿ ತಳಿಯನ್ನು ತಿದ್ದಿ ಜಯವಂತ, ಜಯಧರ ಮೊದಲಾದ ತಳಿಗಳನ್ನು ಬೆಳೆಸುವವರೆಗೂ ಅದು ‘ಕುಮಟಾ’ ಹತ್ತಿಯೇ. ದೋಣಿ ಹೋದ ಮೇಲೂ ನೀರಿನ ಮೇಲೆ ಅದರ ಜಾಡು ಸ್ವಲ್ಪ ಹೊತ್ತು ನಿಲ್ಲುವ ಹಾಗೆ.

ಹಾಗಾದರೆ ಹಳಿಯೂ ಆಳವಾದ ನೀರೂ ಎರಡೂ ಸಿಕ್ಕ ಮುರ್ಮಗೋವಾ ದೊಡ್ಡ ಹತ್ತಿಯ ಬಂದರಾಗಬೇಕಿತ್ತಲ್ಲವೇ? ಇದೇ ಈ ಕಥೆಯ ಬಹುಮುಖ್ಯ ತಿರುವು. ಅದು ಹಾಗಾಗಲಿಲ್ಲ. 1892ರ ಜನವರಿಯಲ್ಲಿ ಒಪ್ಪಂದ ಮುಗಿದು, ಸುಂಕದ ಕಟ್ಟೆಗಳು ಮತ್ತೆ ತಲೆ ಎತ್ತಿದವು. ನಮ್ಮ ಸರಕಿಗೆ ಮುರ್ಮಗೋವಾ ಪರದೇಶವಾಯಿತು. ಇತ್ತ ಮುಂಬಯಿಯಲ್ಲಿ ಗಿರಣಿಗಳಿದ್ದವು, ಬ್ಯಾಂಕುಗಳಿದ್ದವು, ಹತ್ತಿಯ ದರ ಗೊತ್ತುಮಾಡುವ ಪೇಟೆಯಿತ್ತು; 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳ ಸಾಲೇ ಇತ್ತು. ಪುಣೆಯಲ್ಲಿ ಕಿರಿಯ ಗೇಜಿನಿಂದ ಹಿರಿಯ ಗೇಜಿಗೆ ಅಂಡಗಿಗಳನ್ನು ಬದಲಿಸಿ ಹೇರಬೇಕಾಗಿದ್ದರೂ ಹತ್ತಿ ಮುಂಬಯಿಗೇ ಹೋಯಿತು. ದೂರ ಹೆಚ್ಚಿದಂತೆ ಮೈಲಿಯೊಂದರ ದರ ಇಳಿಸುವುದು ರೈಲುಕಂಪನಿಗಳ ವಾಡಿಕೆ. ಹತ್ತಿರದ ಬಂದರಿಗೆ ಅದರಿಂದ ನಷ್ಟ, ದೂರದ ದೊಡ್ಡ ಬಂದರಿಗೆ ಲಾಭ. ಹಳಿ ಬಂದರನ್ನು ಬೆಳೆಸುತ್ತದೆ ಎಂಬ ಮಾತು ಅರ್ಧಸತ್ಯ. ಹಳಿ ದೊಡ್ಡ ಬಂದರನ್ನು ಇನ್ನಷ್ಟು ದೊಡ್ಡದು ಮಾಡಿ, ಚಿಕ್ಕ ಬಂದರುಗಳನ್ನು ಒಣಗಿಸುತ್ತದೆ ಎಂಬುದು ಮಿಕ್ಕ ಅರ್ಧ.

ಮುರ್ಮಗೋವಾಕ್ಕೆ ಜೀವ ಬಂದದ್ದು ಬೇರೆ ಸರಕಿನಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಂಡೂರಿನ ಮ್ಯಾಂಗನೀಸ್ ಅದಿರು ಹೊಸಪೇಟೆ, ಹುಬ್ಬಳ್ಳಿಗಳ ಮೂಲಕ ಅಲ್ಲಿಗೆ ಇಳಿಯಿತು. ಅದಿರು ಭಾರವಾದ, ಬೆಲೆ ಕಡಮೆಯಾದ ಸರಕು. ಅದಕ್ಕೆ ಹತ್ತಿರದ ನೀರೇ ಬೇಕು. ಹತ್ತಿ ಹಗುರ, ಬೆಲೆ ಹೆಚ್ಚು. ಅದು ನೀರಿಗಿಂತ ಪೇಟೆಯನ್ನು ಹುಡುಕಿಕೊಂಡು ಹೋಗುತ್ತದೆ. 1955ರಲ್ಲಿ ಗೋವೆಯ ವಿಮೋಚನೆಯ ಹೋರಾಟ ಬಿಸಿಯೇರಿದಾಗ ಗಡಿಯ ರೈಲುಸಂಪರ್ಕ ಕಡಿದುಹೋಗಿ, 1961ರ ಡಿಸೆಂಬರಿನಲ್ಲಿ ಗೋವೆ ಸ್ವತಂತ್ರವಾದ ಬಳಿಕವೇ ಮತ್ತೆ ಕೂಡಿತು. ಹಳಿ ಕಬ್ಬಿಣದ್ದಾದರೂ ಅದನ್ನು ಹಿಡಿದಿರುವ ಮೊಳೆ ರಾಜಕೀಯದ್ದು.

ಮೈಸೂರು ಸಂಸ್ಥಾನಕ್ಕೂ ಸ್ವಂತ ಕಡಲಿನ ಬಾಗಿಲು ಬೇಕೆಂಬ ಕನಸಿತ್ತು. ದಿವಾನ್ ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರು ಕಟ್ಟಿ ರೈಲು ಒಯ್ಯಬೇಕೆಂದು ಬಹಳ ಪ್ರಯತ್ನಪಟ್ಟರು. ಭಟ್ಕಳಕ್ಕೆ ಆ ಹಳಿ ಬರಲಿಲ್ಲ; ಶಿವಮೊಗ್ಗದ ಕಡೆಯ ಹಳಿ ಇಂದಿಗೂ ಘಟ್ಟದ ಮೇಲಿನ ತಾಳಗುಪ್ಪದಲ್ಲಿಯೇ ನಿಂತಿದೆ. ಕನ್ನಡನಾಡು ಒಂದಾದ ಮೇಲೆ ಈ ಬಾಗಿಲು ಮಂಗಳೂರಿನಲ್ಲಿ ತೆರೆಯಿತು. 1974ರಲ್ಲಿ ನವಮಂಗಳೂರು ಪ್ರಮುಖ ಬಂದರೆಂದು ಘೋಷಿತವಾಯಿತು; 1979ರಲ್ಲಿ ಹಾಸನದಿಂದ ಸಕಲೇಶಪುರದ ಘಟ್ಟ ಇಳಿದು ರೈಲು ಮಂಗಳೂರು ಮುಟ್ಟಿತು. ಅಲ್ಲಿಯೂ ಒಂದು ಪಾಠವಿದೆ. ಕುದುರೆಮುಖದ ಅದಿರು ಆ ಬಂದರಿಗೆ ಬಂದದ್ದು ರೈಲಿನಲ್ಲಲ್ಲ, ನೀರಿನಲ್ಲಿ ಕಲಸಿದ ರಾಡಿಯಾಗಿ ಕೊಳವೆಯಲ್ಲಿ. ದಾರಿ ಎಂದರೆ ಯಾವಾಗಲೂ ಹಳಿಯೇ ಎಂದೇನಿಲ್ಲ. ಸರಕು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತದೆ.

ಇಂದಿನ ನಕ್ಷೆಯನ್ನು ಬಿಡಿಸಿ ನೋಡಿ. ಘಟ್ಟದ ಮೇಲೆ ಪುಣೆ, ಹುಬ್ಬಳ್ಳಿ, ಹಾವೇರಿ, ಬೆಂಗಳೂರುಗಳ ಹಳಿ. ಘಟ್ಟದ ಕೆಳಗೆ 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆಯ ಹಳಿ. ಏಣಿಯ ಎರಡು ಕಾಲುಗಳಂತೆ ಅವು ಉದ್ದಕ್ಕೂ ಹೋಗುತ್ತವೆ. ಬಡಗಣ ಕ್ಯಾಸಲ್‌ರಾಕಿಗೂ ತೆಂಕಣ ಸಕಲೇಶಪುರಕ್ಕೂ ನಡುವೆ ಒಂದು ಮೆಟ್ಟಿಲೂ ಇಲ್ಲ. ಕುಮಟೆಗೆ ಈಗ ರೈಲು ಬಂದಿದೆ, ನಿಜ. ಆದರೆ ಅದು ಬರುವುದು ಮುಂಬಯಿಯಿಂದ, ಮಂಗಳೂರಿನಿಂದ. ಹಾವೇರಿಯಿಂದ ಬರುವುದಿಲ್ಲ.

ಆ ನಡುವಣ ಮೆಟ್ಟಿಲೇ ಹುಬ್ಬಳ್ಳಿ ಅಂಕೋಲಾ ರೈಲುಮಾರ್ಗದ ಯೋಜನೆ. ಸುಮಾರು 165 ಕಿಲೋಮೀಟರಿನ ಈ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಒಪ್ಪಿಗೆ ಸಿಕ್ಕಿತು. ಅದು ಕೇಳುವುದು ಸುಮಾರು 600 ಹೆಕ್ಟೇರು ಕಾಡನ್ನು. ಪಶ್ಚಿಮಘಟ್ಟದ ಅಮೂಲ್ಯವಾದ ಕಾಡನ್ನು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. 2021ರಲ್ಲಿ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಹಳಿ ಘಟ್ಟವನ್ನು ಇನ್ನೂ ಇಳಿದಿಲ್ಲ. ಇಳಿಯಲಿ ಎನ್ನುವವರಿಗೆ ನೂರೈವತ್ತು ವರ್ಷದ ಹಳೆಯ ಹಂಬಲವೇ ಬಲ. ಬೇಡವೆನ್ನುವವರಿಗೆ ಮರಗಳ, ನದೀಮೂಲಗಳ ಮೊರೆ. ಹಳಿ ಇಲ್ಲದಿದ್ದರೆ ಕಾಡು ತಾನಾಗಿ ಕ್ಷೇಮವೆಂದೂ ಹೇಳುವಂತಿಲ್ಲ. ಬಳ್ಳಾರಿಯ ಅದಿರು ಲಾರಿಗಳ ಸಾಲಿನಲ್ಲಿ ಅರಬೈಲು ಘಟ್ಟವನ್ನು ಅರೆಯುತ್ತ ಇಳಿದದ್ದು, 2010ರಲ್ಲಿ ಬೇಲೇಕೇರಿಯಲ್ಲಿ ಜಪ್ತಿಯಾದ ಅದಿರೂ ಮಾಯವಾದದ್ದು ಜನರ ನೆನಪಿನಲ್ಲಿದೆ.

ಈ ವಾದದಲ್ಲಿ ತೀರ್ಪು ಕೊಡುವುದು ಇತಿಹಾಸದ ವಿದ್ಯಾರ್ಥಿಯ ಕೆಲಸವಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಇತಿಹಾಸ ಹೇಳಿಕೊಡಬಲ್ಲದು. ಹಳಿ ಬಂದರೆ ಬಂದರು ಬೆಳೆಯುತ್ತದೆ ಎಂಬ ಒಂದೇ ವಾಕ್ಯ ಸಾಲದು. ಯಾವ ಸರಕು, ಯಾರ ಸರಕು, ಯಾವ ದರದಲ್ಲಿ ಸಾಗುತ್ತದೆ? ಭಾರದ ಅದಿರಿಗಾಗಿ ಮಾತ್ರವೇ ಕಾಡು ಕಡಿಯಬೇಕೇ, ಇಲ್ಲವೇ ಬಯಲುಸೀಮೆಯ ರೈತನ ಬೆಳೆಗೂ ಅದರಲ್ಲಿ ಪಾಲಿದೆಯೇ? 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಕಡಮೆ ಖಾರ, ಕಡುಗೆಂಪು ಬಣ್ಣಗಳಿಂದ ಲೋಕದ ಅಡುಗೆಮನೆಗಳನ್ನು ಮುಟ್ಟಿದೆ. ಅದರ ಬಣ್ಣದ ಸಾರ ಕಡಲಾಚೆಗೂ ಹೋಗುತ್ತದೆ. ರೈಲುದಾರಿಯ ಆ ಪೇಟೆಗೆ ಇಂದು ಬಳ್ಳಾರಿ, ರಾಯಚೂರು, ಆಂಧ್ರಗಳಿಂದ ಕಾಯಿ ಬರುವುದು ಲಾರಿಗಳಲ್ಲಿ. ಅದಕ್ಕೆ ನೆರೆಯ ಕಡಲು ಹತ್ತಿರವೋ, ದೂರದ ದೊಡ್ಡ ಬಂದರು ಹತ್ತಿರವೋ ಎಂಬುದನ್ನು ಗೊತ್ತುಮಾಡುವುದು ಮೈಲಿಕಲ್ಲಲ್ಲ, ಬಾಡಿಗೆಯ ಪಟ್ಟಿ.

ಮ್ಯಾಂಚೆಸ್ಟರಿನವರು ಹತ್ತಿಗಾಗಿ ಕಾರವಾರವನ್ನು ನೋಡಿದರು; ಹತ್ತಿ ಬೇಡವಾದಾಗ ಕಣ್ಣು ತಿರುಗಿಸಿದರು. ಪರರ ಅಗತ್ಯದಿಂದ ಎದ್ದ ಬಂದರು ಪರರ ಅಗತ್ಯದೊಡನೆಯೇ ಮಲಗುತ್ತದೆ. ಹಿನ್ನಾಡಿನ ಜನ ತಮ್ಮ ದುಡಿಮೆಯಿಂದ, ತಮ್ಮ ಅಗತ್ಯಕ್ಕಾಗಿ, ತಮ್ಮ ಕಾಡಿನ ಬೆಲೆಯನ್ನು ತಾವೇ ತೂಗಿ ಕಟ್ಟಿಕೊಂಡ ದಾರಿಯಷ್ಟೇ ಬಂದರಿಗೆ ಬಹುಕಾಲದ ಆಧಾರವಾಗಬಲ್ಲದು. ಹಾವೇರಿಯ ಜನರಿಗೂ ಕುಮಟೆಯ ಜನರಿಗೂ ಮತ್ತೆ ಮಾತುಕತೆ ನಡೆಯಬೇಕಾಗಿರುವುದು ಆ ತೂಕದ ಬಗೆಗೆ. ಹಿಂದೆ ಅವರ ನಡುವೆ ಉಪ್ಪೂ ಹತ್ತಿಯೂ ಮಾತಾಡುತ್ತಿದ್ದವು. ಈಗ ಮನುಷ್ಯರೇ ಮಾತಾಡಬೇಕು.